ಕೈಗೆ ಗೊತ್ತು, ಮಾತಿಗೆ ಬರಬೇಕು

ಕಲಿಸುವ ವಿಡಿಯೊ ಮಾಡುವ ಕೆಲಸದಲ್ಲಿ ನನಗೆ ಬಲು ಪ್ರಿಯವಾದ ಹೊತ್ತು ಕ್ಯಾಮೆರಾ ಇನ್ನೂ ಚೀಲದೊಳಗೇ ಇರುವ ಹೊತ್ತು. ಮುಂದೊಂದು ಹಾಳೆ, ಹಾಳೆಯ ನಡುವೆ ಉದ್ದಕ್ಕೊಂದು ಗೆರೆ. ಎಡಕ್ಕೆ ಕಣ್ಣಿಗೆ ಕಾಣಬೇಕಾದದ್ದು, ಬಲಕ್ಕೆ ಕಿವಿಗೆ ಬೀಳಬೇಕಾದದ್ದು. ವರ್ಷಗಟ್ಟಲೆ ಮಾಡಿ ಪಳಗಿದ ಕೆಲಸವೊಂದು ಆ ಎರಡು ಅಂಕಣಗಳಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಳ್ಳುವುದನ್ನು ನೋಡುವ ಸುಖವೇ ಬೇರೆ.

ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದನ್ನೇ ನೋಡಿ. ಉಡುಪಿಯ ಶಂಕರಪುರದ ಕಡೆ ಹೀಗೆ ಕಟ್ಟಿದ ಹೂವನ್ನು ಚೆಂಡಿನ, ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕಟ್ಟುವವರ ಬೆರಳು ಕಣ್ಣಿಗೆ ಸಿಗುವುದಿಲ್ಲ, ಅಷ್ಟು ಚುರುಕು. ಹೇಗೆ ಕಟ್ಟುತ್ತೀರಿ ಅಕ್ಕಾ ಎಂದರೆ, "ಹೀಗೇ, ನೋಡಿ" ಅನ್ನುತ್ತಾರೆ. ಅಷ್ಟರಲ್ಲಿ ಎಷ್ಟೆಲ್ಲ ನಡೆದುಹೋಗಿರುತ್ತದೆ! ನಾರು ಮೊದಲೇ ನೆನೆದು ಮೆದುವಾಗಿದೆ. ತೊಟ್ಟುಗಳು ಜೊತೆಗೂಡಿವೆ. ನಾರು ಒಂದು ಸುತ್ತು ಬಂದು, ಬೆರಳ ಮೇಲೆ ಕುಣಿಕೆಯಾಗಿ, ತೊಟ್ಟಿನ ಮೇಲೆ ಬಿದ್ದು, ತೊಟ್ಟು ಮುರಿಯದಷ್ಟೇ ಬಿಗಿದಿದೆ. ಇಷ್ಟನ್ನೂ ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಒಂದು ಶಾಟ್, ಒಂದು ವಾಕ್ಯ ಕೊಡಬೇಕು. ಹಾಗೆ ಬಿಡಿಸುತ್ತಾ ಹೋದಂತೆ ಆ ಕೈಗಳ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಆಮೇಲೆ ಕ್ಯಾಮೆರಾ. ಕಟ್ಟುವವರ ಎದುರಿಗೆ ಇಟ್ಟರೆ ಅವರ ಬಲಗೈ ನೋಡುವವರಿಗೆ ಎಡಕ್ಕೆ ಕಾಣುತ್ತದೆ. ಕಲಿಯುವವರು ಎಲ್ಲವನ್ನೂ ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು. ಕ್ಯಾಮೆರಾವನ್ನು ಕಟ್ಟುವವರ ಭುಜದ ಹಿಂದೆ, ಕೊಂಚ ಮೇಲಕ್ಕೆ ನಿಲ್ಲಿಸಿದರೆ ಪರದೆಯ ಕೈ ಕಲಿಯುವವರ ಕೈಯೇ ಆಗಿಬಿಡುತ್ತದೆ. ಬಿಳಿ ಹೂವಿನ ಅಡಿಗೆ ಕಡುಬಣ್ಣದ ಬಟ್ಟೆ ಹಾಸಬೇಕು. ಬೆಳಕು ಕಿಟಕಿಯಿಂದ ಓರೆಯಾಗಿ ಬಂದರೆ ನಾರಿನ ನೆರಳು ಮೂಡಿ ಸುತ್ತು ಸ್ಪಷ್ಟವಾಗುತ್ತದೆ. ಫೋನಿನಲ್ಲಿ ಎಕ್ಸ್‌ಪೋಷರ್ ಲಾಕ್ ಮಾಡದಿದ್ದರೆ ಕೈ ಆಡಿದಂತೆಲ್ಲ ಚಿತ್ರ ಮಂಕಾಗಿ, ಮತ್ತೆ ಬೆಳಗಿ, ಮಲ್ಲಿಗೆಯ ಎಸಳೇ ಕಾಣದೆ ಹೋಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಟ್ಯೂಬ್‌ಲೈಟಿನ ಕೆಳಗೆ ತೆಗೆಯುವುದಾದರೆ ಶಟರನ್ನು ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ಇಟ್ಟರೆ ಚಿತ್ರ ಮಿನುಗುವುದಿಲ್ಲ. ದನಿಯನ್ನು ಆಮೇಲೆ, ಫ್ಯಾನ್ ಆರಿಸಿ, ಹಾಸಿಗೆ ಹೊದಿಕೆಗಳಿರುವ ಕೋಣೆಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡುವುದು ನನಗಿಷ್ಟ. ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಂಡು, ಮಾತು ಪಕ್ಕದಲ್ಲೇ ಕೂತು ಹೇಳಿದಂತೆ ಕೇಳುತ್ತದೆ.

ಮತ್ತೆ ಆ ಹಾಳೆಗೆ ಬಂದರೆ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪದ್ಧತಿಯೊಂದು ನನಗೆ ತುಂಬ ಮೆಚ್ಚುಗೆ. ಸಾಫ್ಟ್‌ವೇರ್ ಕಲಿಸುವ, ಸುಮಾರು ಹತ್ತು ನಿಮಿಷದ ಪಾಠಗಳು ಅವು, ಕನ್ನಡದಲ್ಲೂ ಇವೆ. ಸ್ಕ್ರಿಪ್ಟ್ ಸಿದ್ಧವಾದ ಮೇಲೆ, ರೆಕಾರ್ಡಿಂಗಿಗೆ ಮುಂಚೆ, ವಿಷಯವೇ ಗೊತ್ತಿಲ್ಲದ ಒಬ್ಬರು ಅದನ್ನು ಓದಿ, ಬರೆದಂತೆ ಮಾಡಿ ನೋಡುತ್ತಾರೆ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪಾಠ ತಿದ್ದಬೇಕು. ಗೊತ್ತಿಲ್ಲದವರೇ ಇಲ್ಲಿ ಪರೀಕ್ಷಕರು. ಕಲಿಸುವ ಎಲ್ಲ ಕಡೆಯೂ ಈ ಪದ್ಧತಿ ಬರಲಿ ಎಂದು ನನ್ನ ಆಸೆ.

ಪರದೆಯ ಮೂಲಕ ಕಲಿಸುವ ಈ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಎಂಬ ಟಿವಿ ಪ್ರಯೋಗದಲ್ಲಿ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಾಲೆಯ ಪಾಠಗಳು ಬಂದವು. ಕರ್ನಾಟಕದಲ್ಲಿ ಅವನ್ನು ಕಂಡದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಸೀಮೆಯ ಹಳ್ಳಿಗಳು. ಇಡೀ ಊರು ಒಂದೇ ಟಿವಿಯ ಮುಂದೆ ಕೂತು ನೋಡಬೇಕಿತ್ತು. ತಪ್ಪಿಸಿಕೊಂಡ ಮಾತು ಹೋಯಿತೆಂದೇ ಲೆಕ್ಕ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಮೊಳೆತ ಡಿಜಿಟಲ್ ಗ್ರೀನ್ ಎಂಬ ಯೋಜನೆ ಇನ್ನೊಂದು ದಾರಿ ಹಿಡಿಯಿತು. ಸುತ್ತಲಿನ ರೈತರನ್ನೇ ಚಿತ್ರಿಸಿ, ರೈತರಿಗೇ ತೋರಿಸುವುದು. ನಡುನಡುವೆ ವಿಡಿಯೊ ನಿಲ್ಲಿಸಿ, ಪ್ರಶ್ನೆ ಕೇಳಿ, ಚರ್ಚೆ ಮಾಡಿಸುವುದು. ಪರದೆಯ ಮೇಲಿನವರು ನಮ್ಮ ಹಾಗೇ ಕೆಸರು ತುಳಿದವರು ಎಂದು ಗೊತ್ತಾದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ವಿಡಿಯೊದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿಸುವುದು ಆ ನಿಲ್ಲಿಸುವ ಗುಂಡಿಯನ್ನು. ತರಗತಿಯಲ್ಲಿ ಎರಡನೆಯ ಸಲ ಕೇಳಲು ನಾಲಿಗೆ ಏಳುವುದಿಲ್ಲ. ಹಿರಿಯರ ಬಳಿ ಮೂರನೆಯ ಸಲ ಕೇಳಲು ಸಂಕೋಚ. ಇಲ್ಲಿ ನೂರು ಸಲ ಹಿಂದಕ್ಕೆ ಹೋದರೂ ಕಲಿಸುವ ದನಿ ಬಿಗಿಯುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ. ಆದ್ದರಿಂದಲೇ ಎಡಿಟಿಂಗಿಗೆ ಕೂತಾಗ ಕೈ ಅಡ್ಡ ಬಂದ ಚಿತ್ರವನ್ನು, ಬೇಡದ ಮಾತನ್ನು ಧಾರಾಳವಾಗಿ ಕತ್ತರಿಸುತ್ತೇನೆ. ಕುಣಿಕೆ ಬಿಗಿಯುವ ಆ ಎರಡು ಸೆಕೆಂಡನ್ನು ಮಾತ್ರ ಮುಟ್ಟುವುದಿಲ್ಲ. ಬೇಕಿದ್ದರೆ ನಿಧಾನಗೊಳಿಸಿ ಮತ್ತೊಮ್ಮೆ ತೋರಿಸುತ್ತೇನೆ. ಗೊತ್ತಿರುವವರಿಗೆ ಅದು ಉದ್ದವೆನಿಸಬಹುದು. ಪಾಠ ಅವರಿಗಲ್ಲ. ಕೇಳಲು ಯಾರೂ ಹತ್ತಿರವಿಲ್ಲದೆ, ಎಲ್ಲೋ ಒಬ್ಬರೇ ಕೂತು ನಾರು ಹಿಡಿದವರಿಗೆ ಅದು. ಅವರ ಮಾಲೆ ಬಿಗಿಯಾಗಿ ನಿಂತರೆ ನನ್ನ ವಿಡಿಯೊ ಚೆನ್ನಾಗಿದೆ. ಅದರ ಅಳತೆಗೋಲು ಅವರ ಕೈಯಲ್ಲೇ ಇದೆ.