ಆಟ ಬಲ್ಲ ಗೃಹಸ್ಥ

ಪದವಿಯಲ್ಲಿದ್ದವರು ತೀರಿಕೊಂಡಾಗ ನಾವು ಅವರ ಪದವಿಗಳನ್ನು ಎಣಿಸುತ್ತೇವೆ. ಮನೆಯ ಹಿರಿಯರು ತೀರಿಕೊಂಡಾಗ ಅವರು ಕಟ್ಟಿಸಿದ ಮನೆಯನ್ನೂ ಮಾಡಿದ ಮದುವೆಗಳನ್ನೂ ಎಣಿಸುತ್ತೇವೆ. ಆ ಜೀವ ಯಾವುದರಲ್ಲಿ ಸಂತೋಷಪಟ್ಟಿತ್ತು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮನುಷ್ಯನ ಸ್ವಭಾವದ ಗುಟ್ಟು ಅನೇಕ ವೇಳೆ ಅಲ್ಲಿಯೇ ಅಡಗಿರುತ್ತದೆ.

2024ರ ಡಿಸೆಂಬರ್ 10ರಂದು ಮಾಜಿ ಮುಖ್ಯಮಂತ್ರಿ ಶ್ರೀ ಎಸ್. ಎಂ. ಕೃಷ್ಣ ಅವರು ತಮ್ಮ 92ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಮರುದಿನ ಮದ್ದೂರು ತಾಲ್ಲೂಕಿನ ಅವರ ಹುಟ್ಟೂರು ಸೋಮನಹಳ್ಳಿಯಲ್ಲಿ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ಆ ವಾರ ವಿಜಯನಗರದ ಒಂದು ಮನೆಯಲ್ಲಿ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಾಗ ಮಾತು ಅವರತ್ತ ಹೊರಳಿತು. ಮನೆಯ ಯಜಮಾನರು ನನ್ನನ್ನು ಕೇಳಿದರು: “ಶಾಸ್ತ್ರಿಗಳೇ, ಅಷ್ಟು ದೊಡ್ಡವರು ಟೆನಿಸ್ ಆಡುತ್ತಿದ್ದರು ಅಂತ ಎಲ್ಲರೂ ಹೊಗಳುತ್ತಾರೆ. ನಮ್ಮ ಹುಡುಗ ಹತ್ತನೆಯ ತರಗತಿ. ಸಂಜೆ ಬ್ಯಾಟು ಹಿಡಿದು ಹೊರಟರೆ ನಾನು ಕಿತ್ತು ಬೀರುವಿನಲ್ಲಿ ಇಡುತ್ತೇನೆ. ಇದಕ್ಕೆ ಏನು ಹೇಳುತ್ತೀರಿ?” ನೀರು ಬಡಿಸುತ್ತಿದ್ದ ಹುಡುಗ ತಲೆ ಎತ್ತಲಿಲ್ಲ. ಆದರೆ ಅವನ ಕೈ ನಿಂತಿತು.

ಈ ಪ್ರಶ್ನೆ ಒಂದು ಮನೆಯದಲ್ಲ. ಆದ್ದರಿಂದ ಅದಕ್ಕೆ ಇಲ್ಲಿ ವಿಸ್ತಾರವಾಗಿ ಉತ್ತರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಕೃಷ್ಣ ಅವರು 1932ರ ಮೇ 1ರಂದು ಜನಿಸಿದರು. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಓದಿ, ಫುಲ್‌ಬ್ರೈಟ್ ವಿದ್ವಾಂಸರಾಗಿ ಅಮೆರಿಕದಲ್ಲಿ ವ್ಯಾಸಂಗ ಮಾಡಿದರು. 1962ರಲ್ಲಿ ಮದ್ದೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಸಭಾಧ್ಯಕ್ಷ, ಉಪಮುಖ್ಯಮಂತ್ರಿ, 1999ರಿಂದ 2004ರವರೆಗೆ ಮುಖ್ಯಮಂತ್ರಿ, ಅನಂತರ ಮಹಾರಾಷ್ಟ್ರದ ರಾಜ್ಯಪಾಲ, 2009ರಿಂದ 2012ರವರೆಗೆ ವಿದೇಶಾಂಗ ಸಚಿವ; ಹೀಗೆ ಸಾಗಿತು ಅವರ ಬಾಳು. ಶಾಲಾಮಕ್ಕಳ ಮಧ್ಯಾಹ್ನದ ಬಿಸಿಯೂಟಕ್ಕೆ 2002ರಲ್ಲಿ ಅವರ ಸರ್ಕಾರ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ದಾಸೋಹವೆಂಬ ಮಾತಿನ ಅರ್ಥ ಬಲ್ಲ ನಮ್ಮ ಮನೆಗಳು ಇದನ್ನು ಮರೆಯಲಾರವು.

ಇಷ್ಟೆಲ್ಲದರ ನಡುವೆ ಅವರು ಟೆನಿಸ್ ಬಿಡಲಿಲ್ಲ. ವಿಂಬಲ್ಡನ್ ಪಂದ್ಯಗಳನ್ನು ಕಣ್ಣಾರೆ ನೋಡಲು ಲಂಡನ್ನಿಗೆ ಹೋಗುತ್ತಿದ್ದರು. ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣ ಅವರ ಹೆಸರನ್ನೇ ಹೊತ್ತಿದೆ. ಅವರು ಮುಖ್ಯಮಂತ್ರಿಯಾಗಿದ್ದ 2000ನೆಯ ಇಸವಿಯಲ್ಲಿ ವಿಶ್ವ ಡಬಲ್ಸ್ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲಿ ನಡೆಯಿತು. ಸೊಗಸಾಗಿ ಉಡುವ, ಟೆನಿಸ್ ಆಡುವ ಮುಖ್ಯಮಂತ್ರಿ ಹಳ್ಳಿಯ ಬವಣೆಯನ್ನು ಬಲ್ಲರೇ ಎಂದು ಟೀಕಿಸಿದವರೂ ಉಂಟು. ಬರಗಾಲದ ಆ ವರ್ಷಗಳಲ್ಲಿ ಅಂಥ ಟೀಕೆ ಸಹಜವೇ ಆಗಿತ್ತು. ಆದರೆ 2002ರ ಅಕ್ಟೋಬರ್‌ನಲ್ಲಿ ಕಾವೇರಿ ವಿವಾದ ಉಲ್ಬಣಿಸಿದಾಗ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟವರೂ ಅವರೇ. ಆಗ ಅವರಿಗೆ 70 ವರ್ಷ. ಆ ನಡಿಗೆಯ ರಾಜಕೀಯವನ್ನು ಬಲ್ಲವರು ವಿಮರ್ಶಿಸಲಿ. ಆ ವಯಸ್ಸಿನಲ್ಲಿ ನಡೆಯುವ ಕಾಲುಗಳನ್ನು ಆಟವು ಉಳಿಸಿಕೊಟ್ಟಿತ್ತೆಂಬುದು ನನ್ನ ಅಭಿಪ್ರಾಯ.

ಟೆನಿಸ್ಸಿನಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವಿದೆ. ತೀರ್ಪುಗಾರರಿಲ್ಲದ ಆಟದಲ್ಲಿ, ತನ್ನ ಅಂಕಣದಲ್ಲಿ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಎಂಬುದನ್ನು ಆಟಗಾರನೇ ಸಾರಬೇಕು. ಸಂದೇಹವಿದ್ದರೆ ಅದರ ಲಾಭ ಎದುರಾಳಿಗೆ. ತನಗೆ ನಷ್ಟವಾದರೂ ನಿಜವನ್ನು ನುಡಿಯುವ ಈ ಅಭ್ಯಾಸವನ್ನು ನಾವು ಪ್ರವಚನಗಳಲ್ಲಿ ಎಷ್ಟು ಹೇಳಿದರೂ ಸಾಲದು. ಅಂಕಣದಲ್ಲಿ ಅದನ್ನು ದಿನವೂ ಮಾಡಿಯೇ ತೋರಿಸಬೇಕು. ಚೆಂಡಿಗೆ ಮುಖ್ಯಮಂತ್ರಿ ಯಾರು, ಗುಮಾಸ್ತ ಯಾರು ಎಂಬ ಭೇದವಿಲ್ಲ.

ನಾನು ಬೆಳೆದ ಮಠದಲ್ಲಿ 1970ರ ದಶಕದಲ್ಲಿ ಸಂಜೆಯ ಪ್ರಾರ್ಥನೆಗೆ ಮೊದಲು ವಿದ್ಯಾರ್ಥಿಗಳು ಕಬಡ್ಡಿ ಆಡಬೇಕಿತ್ತು. ಔಟಾದವನು ಗೆರೆಯಾಚೆ ಕುಳಿತು, ತನ್ನವರು ಎದುರಾಳಿಯನ್ನು ಔಟು ಮಾಡಿ ತನ್ನನ್ನು ಮತ್ತೆ ಒಳಗೆ ಕರೆಯುವವರೆಗೆ ಕಾಯುತ್ತಿದ್ದ. ಹಾಗೆ ಮುನಿಸಿಲ್ಲದೆ ಕುಳಿತು ಕಾಯುವುದೂ ಒಂದು ಶಿಕ್ಷಣವೇ. 2004ರ ಚುನಾವಣೆಯಲ್ಲಿ ಕೃಷ್ಣ ಅವರ ಪಕ್ಷ ಬಹುಮತ ಕಳೆದುಕೊಂಡಿತು. ಅವರು ಅಧಿಕಾರ ಬಿಟ್ಟರು, ಬೇರೆ ಹೊಣೆ ಬಂದಾಗ ಹೊತ್ತರು. 2023ರ ಜನವರಿಯಲ್ಲಿ ವಯಸ್ಸಿನ ಕಾರಣ ಹೇಳಿ ರಾಜಕೀಯದಿಂದ ತಾವೇ ನಿವೃತ್ತಿ ಸಾರಿದರು. ಅಂಕಣವನ್ನು ಬಿಡಬೇಕಾದ ಹೊತ್ತನ್ನು ಅರಿಯುವುದು ಆಟಗಾರನ ಲಕ್ಷಣ. ಕೀಲಿಕೈಯನ್ನು ಸೊಂಟದಿಂದ ತೆಗೆಯದ ಎಷ್ಟೋ ಹಿರಿಯರಿಂದ ನಮ್ಮ ಮನೆಗಳು ನೊಂದಿವೆ.

ಅವರು ಪತ್ನಿ ಶ್ರೀಮತಿ ಪ್ರೇಮಾ ಅವರೊಡನೆ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ ಗೃಹಸ್ಥರು. 2019ರ ಜುಲೈನಲ್ಲಿ ಅಳಿಯ, ಕಾಫಿ ಉದ್ಯಮಿ ವಿ. ಜಿ. ಸಿದ್ಧಾರ್ಥ ಅವರನ್ನು ಕಳೆದುಕೊಂಡಾಗ ಮಾವನಿಗೆ 87 ವರ್ಷ. ಅಂಥ ಶೋಕಕ್ಕೆ ಆಟ ಔಷಧವೆಂದು ನಾನು ಹೇಳಲಾರೆ. ಯಾವ ಶಾಸ್ತ್ರವೂ ಹೇಳಲಾರದು. ಇಳಿವಯಸ್ಸಿನಲ್ಲಿ ಮನೆಯ ದುಃಖವನ್ನು ಹೊರಲು ದೇಹವೂ ಮನಸ್ಸೂ ಗಟ್ಟಿಯಾಗಿರಬೇಕು ಎಂದಷ್ಟೇ ಹೇಳಬಲ್ಲೆ.

ವಿಜಯನಗರದ ಆ ಯಜಮಾನರಿಗೆ ನಾನು ಕೊಟ್ಟ ಉತ್ತರ ಇದು: “ಪರೀಕ್ಷೆ ಒಂದು ವರ್ಷದ್ದು, ದೇಹ ನೂರು ವರ್ಷದ್ದು. ಓದಿಗೆ ಹೊತ್ತು ಗೊತ್ತುಮಾಡಿದಂತೆ ಆಟಕ್ಕೂ ಒಂದು ಗಂಟೆ ಗೊತ್ತುಮಾಡಿ. ಆ ಗಂಟೆ ಮುಗಿದ ಮೇಲೂ ಅವನು ಬಾರದಿದ್ದರೆ ಆಗ ಬ್ಯಾಟು ಕಿತ್ತಿಡಿ.” ಮನೆಯವರು ನಕ್ಕರು. ಆ ಮನೆಯ ಅಜ್ಜಿ ಮಾತ್ರ ಮಗನತ್ತ ತಿರುಗಿ, “ನಿಮ್ಮಪ್ಪಾಜಿ ನಿನಗೆ ಬ್ಯಾಟು ಕೊಡಿಸಿದ್ದು ಮರೆತೆಯೇನಪ್ಪ?” ಎಂದರು. ಯಜಮಾನರು ಉತ್ತರಿಸಲಿಲ್ಲ.

ರಾಜಾಜಿನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಲ್ಲಿ ಹಿಂದೆ ಮಕ್ಕಳು ಕಲ್ಲು ಜೋಡಿಸಿ ವಿಕೆಟ್ ಮಾಡುತ್ತಿದ್ದ ಜಾಗದಲ್ಲಿ ಈಗ ಕಾರುಗಳು ನಿಂತಿವೆ. ಬಯಲು ಕಿರಿದಾದಷ್ಟೂ ಹಿರಿಯರ ಮನಸ್ಸು ಹಿರಿದಾಗಬೇಕು. ದೇಹವನ್ನು ದೇಗುಲವೆಂದು ಬಗೆದ ಪರಂಪರೆ ನಮ್ಮದು. ದೇಗುಲವನ್ನು ಪಾಳುಬಿಟ್ಟು ಪೂಜೆಯ ಮಾತಾಡುವುದು ಸಲ್ಲದು. ಮನೆಯಲ್ಲಿ ಹಿರಿಯರ ಸ್ಮರಣೆ ನಡೆದಾಗ ಅವರು ಗಳಿಸಿದ್ದನ್ನು ಹೇಳಿದ ಬಳಿಕ, ಅವರು ಆಡಿದ ಆಟವನ್ನೂ ಮಕ್ಕಳಿಗೆ ಹೇಳಿರಿ. ಆಸ್ತಿ ಪಾಲಾಗುತ್ತದೆ. ಉಲ್ಲಾಸ ಹಂಚಿದಷ್ಟೂ ಮನೆಯಲ್ಲಿಯೇ ಉಳಿಯುತ್ತದೆ.