ರಾಬಿನ್ ವಿಲಿಯಮ್ಸ್‌ಗೆ ಬಂದ ಕಾಯಿಲೆ ನಮ್ಮ ಮನೆಗೂ ಬಂತು

ನಗಿಸುವವರು ಒಳಗೊಳಗೇ ಅಳುತ್ತಿರುತ್ತಾರೆ ಎಂಬ ಮಾತನ್ನು ಯಾರಾದರೂ ಅಮೆರಿಕದ ಹಾಸ್ಯನಟ ರಾಬಿನ್ ವಿಲಿಯಮ್ಸ್ ಹೆಸರಿಗೆ ಅಂಟಿಸಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. 2014ರ ಆಗಸ್ಟ್ 11ರಂದು, 63ನೇ ವಯಸ್ಸಿನಲ್ಲಿ, ಅವರು ತಮ್ಮ ಜೀವ ತಾವೇ ತೆಗೆದುಕೊಂಡ ಸುದ್ದಿ ಬಂದಾಗ ಟೀವಿಯವರು, ಪತ್ರಿಕೆಯವರು, ನಮ್ಮ ಸ್ನೇಹಿತರು ಎಲ್ಲರೂ ಆಡಿದ್ದು ಅದೇ ಮಾತು. ಖಿನ್ನತೆಯಂತೆ, ಹಳೆಯ ಚಟಗಳಂತೆ, ದುಡ್ಡಿನ ತಾಪತ್ರಯವಂತೆ. ಮೂರು ತಿಂಗಳಾದ ಮೇಲೆ ಶವಪರೀಕ್ಷೆಯ ವರದಿ ಹೊರಬಿತ್ತು. ಅವರ ಮಿದುಳಿನ ಉದ್ದಗಲಕ್ಕೂ ಲೂಯಿ ಬಾಡಿ ಎಂಬ ಪ್ರೋಟೀನಿನ ಗಂಟುಗಳು ಹರಡಿದ್ದವು. ಆ ಸಾಲನ್ನು ನಾನೂ ಪತ್ರಿಕೆಯಲ್ಲಿ ಓದಿದೆ. ಅದೇ ಕಾಯಿಲೆ ಆ ಹೊತ್ತಿಗಾಗಲೇ ನಮ್ಮ ಮನೆಯೊಳಗೂ ಇತ್ತು.

ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವಕ್ಕಿರುವ ಫ್ರೀಮಾಂಟಿನಲ್ಲಿ. ನಮ್ಮನೆಯವರು ಮೈಸೂರಿನವರು, ಚಿಪ್ ವಿನ್ಯಾಸ ಮಾಡುತ್ತಿದ್ದ ಇಂಜಿನಿಯರ್. ಎಂಬತ್ತರ ದಶಕದಲ್ಲಿ ಬಂದ ಹೊಸತರಲ್ಲಿ ಇಲ್ಲಿನವರ ತಮಾಷೆ ನಮ್ಮಿಬ್ಬರಿಗೂ ತಲೆಗೆ ಹೋಗುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ನಾವು ನಗುತ್ತಿದ್ದೆವು. ಒಂದು ದಿನ ಇವರ ಆಫೀಸಿನವರೊಬ್ಬರು ವಿಡಿಯೋ ಕ್ಯಾಸೆಟ್ ಕೊಟ್ಟರು. ರಾಬಿನ್ ವಿಲಿಯಮ್ಸ್ 1986ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ಕೊಟ್ಟ ಕಾರ್ಯಕ್ರಮ. ಅಷ್ಟು ದೊಡ್ಡ ವೇದಿಕೆಯ ಮೇಲೆ ಒಬ್ಬನೇ ಮನುಷ್ಯ, ಮೈಯೆಲ್ಲ ಬೆವರು. ರಷ್ಯನ್ನನಾಗುತ್ತಾನೆ, ಪಾದ್ರಿಯಾಗುತ್ತಾನೆ, ಮರುಕ್ಷಣ ಎರಡು ವರ್ಷದ ಮಗುವಾಗುತ್ತಾನೆ. ಒಂದು ಪಾತ್ರದ ಮಾತು ಮುಗಿಯುವ ಮೊದಲೇ ಇನ್ನೊಂದು ಪಾತ್ರ ಬಾಯಿ ಹಾಕಿರುತ್ತದೆ. ಮಾತು ಅರ್ಧಕ್ಕರ್ಧ ಅರ್ಥವಾಗದಿದ್ದರೂ ಇವರು ಸೋಫಾದಿಂದ ಜಾರಿ ನೆಲಕ್ಕೆ ಕೂತು ನಕ್ಕರು. "ನಮ್ಮ ಹಿರಣ್ಣಯ್ಯನವರ ಜಾತಿ ಕಣೇ ಇವರು" ಅಂದರು.

ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕವನ್ನು ಇವರು ಹುಡುಗರಾಗಿದ್ದಾಗ ನೋಡಿದ್ದರು. ಬರೆದಿಟ್ಟ ಮಾತು ಬಿಟ್ಟು ಅಂದಿನ ಸುದ್ದಿಯನ್ನೇ ಎತ್ತಿಕೊಂಡು ಸಭೆಯನ್ನು ನಗಿಸುವ ಶಕ್ತಿ ಏನೆಂದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ರಾಬಿನ್ ಅವರ ಕೆಲಸ ಎಂಥದ್ದೆಂದು ನನಗಿಂತ ಮೊದಲು ಅವರಿಗೆ ಹೊಳೆಯಿತು. ಇದು ಹುಚ್ಚಾಟವಲ್ಲ, ವಿದ್ಯೆ ಎನ್ನುತ್ತಿದ್ದರು. ನಿಜವೇ. ರಾಬಿನ್ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ನಟನೆ ಕಲಿತವರು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಕ್ಲೆಮೆಂಟ್ ಬೀದಿಯ 'ಹೋಲಿ ಸಿಟಿ ಝೂ' ಎಂಬ ಇಕ್ಕಟ್ಟಾದ ಕ್ಲಬ್ಬಿನಲ್ಲಿ ಪಳಗಿದವರು. 1978ರಲ್ಲಿ 'ಮಾರ್ಕ್ ಅಂಡ್ ಮಿಂಡಿ' ಧಾರಾವಾಹಿ ಶುರುವಾದಾಗ ಎಂದಿನ ಮೂರು ಕ್ಯಾಮೆರಾಗಳಿಗೆ ಅವರು ಸಿಗುತ್ತಲೇ ಇರಲಿಲ್ಲವಂತೆ. ಅವರನ್ನು ಹಿಂಬಾಲಿಸಲೆಂದೇ ನಾಲ್ಕನೆಯದನ್ನು ತರಿಸಿದರಂತೆ.

ಅವರೊಬ್ಬರೇ ಇದನ್ನೆಲ್ಲ ಹುಟ್ಟಿಸಿದರು ಎನ್ನಲಾರೆ. ಹಾಸ್ಯನಟ ಜೊನಾಥನ್ ವಿಂಟರ್ಸ್ ತಮಗೆ ಗುರು ಎಂದು ಅವರೇ ಹೇಳುತ್ತಿದ್ದರು. ಆದರೆ ಮೈಕಿನ ಮುಂದೆ ನಿಂತು, ಕಟ್ಟಿಟ್ಟ ಜೋಕುಗಳನ್ನು ಒಂದಾದ ಮೇಲೊಂದು ಹೇಳಿ ಇಳಿದುಹೋಗುವುದಷ್ಟೇ ಸ್ಟ್ಯಾಂಡಪ್ ಅಲ್ಲ, ಯೋಚನೆ ಹುಟ್ಟುವುದನ್ನು ಜನ ಕಣ್ಣಾರೆ ನೋಡಬಹುದು ಎಂಬುದನ್ನು ಲಕ್ಷಾಂತರ ಮನೆಗಳಿಗೆ ತಲುಪಿಸಿದವರು ಅವರು. 1992ರ 'ಅಲಾದ್ದೀನ್' ಚಿತ್ರದ ಜೀನಿಗೆ ದನಿ ಕೊಡುವಾಗ ಬರೆದುಕೊಟ್ಟ ಮಾತಿನ ಸುತ್ತ ಸ್ವಂತ ಮಾತು ಹೆಣೆಯುತ್ತ ಹೋದರು. ಆಮೇಲೆ ಅನಿಮೇಷನ್ ಚಿತ್ರಗಳಿಗೆ ದೊಡ್ಡ ನಟರನ್ನೇ ದನಿಗೆ ಕರೆಯುವುದು ವಾಡಿಕೆಯಾಯಿತು. ಬಿಲ್ಲಿ ಕ್ರಿಸ್ಟಲ್, ವೂಪಿ ಗೋಲ್ಡ್‌ಬರ್ಗ್ ಜೊತೆ 1986ರಿಂದ 'ಕಾಮಿಕ್ ರಿಲೀಫ್' ಎಂಬ ಸಹಾಯಾರ್ಥ ಕಾರ್ಯಕ್ರಮ ನಡೆಸಿ, ಮನೆಯಿಲ್ಲದವರಿಗಾಗಿ ಕೋಟ್ಯಂತರ ಡಾಲರ್ ಕೂಡಿಸಿದರು. ಹೆಸರು ಬಂದ ಮೇಲೂ ಮಿಲ್ ವ್ಯಾಲಿಯ ಥ್ರಾಕ್‌ಮಾರ್ಟನ್ ಎಂಬ ಪುಟ್ಟ ರಂಗಮಂದಿರಕ್ಕೆ ಮಂಗಳವಾರದ ರಾತ್ರಿ ಹೇಳದೆ ಕೇಳದೆ ಬರುತ್ತಿದ್ದರು. ಹೊಸ ಹುಡುಗರ ಆಟವನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಮನಸ್ಸು ಬಂದರೆ ತಾವೂ ವೇದಿಕೆ ಹತ್ತುತ್ತಿದ್ದರು. ನಾವೂ ಅದೇ ಆಸೆಗೆ ಸೇತುವೆ ದಾಟಿ ಹೋಗುತ್ತಿದ್ದೆವು. ಹಲವು ಸಲ ಅವರು ಬರಲಿಲ್ಲ. ಬಂದ ರಾತ್ರಿ ಮನೆಗೆ ಬರುವ ದಾರಿಯುದ್ದಕ್ಕೂ ಇವರು ಕಾರು ಓಡಿಸುತ್ತಲೇ ಅದನ್ನೆಲ್ಲ ಮತ್ತೆ ಆಡಿ ತೋರಿಸಿದರು.

ಇವರೂ ಕನ್ನಡ ಕೂಟದ ಯುಗಾದಿಗೆ, ರಾಜ್ಯೋತ್ಸವಕ್ಕೆ ಮಿಮಿಕ್ರಿ ಮಾಡುತ್ತಿದ್ದರು. ಆಕಾಶವಾಣಿಯ ಪ್ರದೇಶ ಸಮಾಚಾರ ಓದುವ ದನಿಯಲ್ಲೇ ಮದುವೆಮನೆಯ ಅಡುಗೆಭಟ್ಟರು ನುಗ್ಗಿ ಬೇಳೆ ಕೇಳುತ್ತಿದ್ದರು, ಜಟಕಾದವನು ಬಾಡಿಗೆಗೆ ಜಗಳ ತೆಗೆಯುತ್ತಿದ್ದ. ಆ ಜಿಗಿತ ರಾಬಿನ್ ಅವರಿಂದ ಬಂದದ್ದು, ಪಾತ್ರಗಳು ಮಾತ್ರ ಮೈಸೂರಿನವು.

ಕಾಯಿಲೆ ಬಂದದ್ದು ನಿದ್ದೆಯಲ್ಲಿ. ರಾತ್ರಿ ಇವರು ಕಿರುಚುತ್ತಿದ್ದರು, ಒದೆಯುತ್ತಿದ್ದರು, ಯಾರನ್ನೋ ಹೊಡೆಯಲು ಹೋಗಿ ಹಾಸಿಗೆ ಪಕ್ಕದ ದೀಪ ಬೀಳಿಸಿದರು. ಬೆಳಿಗ್ಗೆ ಕೇಳಿದರೆ ನಾಯಿ ಅಟ್ಟಿಸಿಕೊಂಡು ಬಂದ ಕನಸು. ಆಮೇಲೆ ಮೂಗು ಹೋಯಿತು. ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಿದ್ದರು. ಕನಸಿನಲ್ಲಿ ಮೈಯನ್ನು ತಡೆದಿಡುವ ಮಿದುಳಿನ ಭಾಗ ಕೆಡುವುದು, ವಾಸನೆ ಹೋಗುವುದು, ಮಲಬದ್ಧತೆ, ಇವು ಲೂಯಿ ಬಾಡಿ ಕಾಯಿಲೆಯಲ್ಲಿ ಮರೆವಿಗಿಂತ ಎಷ್ಟೋ ವರ್ಷ ಮುಂಚೆ ಕಾಣಿಸಿಕೊಳ್ಳಬಹುದು. ಒಂದನ್ನು ಒಬ್ಬ ಡಾಕ್ಟರಿಗೆ ಹೇಳಿದೆವು, ಇನ್ನೊಂದನ್ನು ಇನ್ನೊಬ್ಬರಿಗೆ.

2016ರ ಯುಗಾದಿಯಲ್ಲಿ ಇವರು ವೇದಿಕೆಯ ಮೇಲೆ ನಿಂತುಹೋದರು. ವಾರ್ತೆ ಓದುವ ದನಿ ಸರಿಯಾಗಿಯೇ ಶುರುವಾಯಿತು. ಅಡುಗೆಭಟ್ಟರು ಬರಬೇಕಾದ ಜಾಗಕ್ಕೆ ಬಂದಾಗ ಮಾತು ಬರಲಿಲ್ಲ. ಜನ ಅದನ್ನೂ ತಮಾಷೆಯೆಂದುಕೊಂಡು ಚಪ್ಪಾಳೆ ಹೊಡೆದರು. ನಾನು ಮುಂದಿನ ಸಾಲಿನಲ್ಲಿದ್ದೆ. ಅವರ ಮುಖ ನೋಡಿ ಕೈಕಾಲು ತಣ್ಣಗಾದವು.

ಡಾಕ್ಟರು ಪಾರ್ಕಿನ್ಸನ್ ಎಂದರು. ಎಡಗೈ ನಡುಗುತ್ತಿತ್ತು, ಕಾಲೆಳೆದು ನಡೆಯುತ್ತಿದ್ದರು, ಮಾತ್ರೆ ಕೊಟ್ಟರು. ಅದಾಗಿ ಸ್ವಲ್ಪ ದಿನಕ್ಕೆ ಮನೆಗೆ ಮಕ್ಕಳು ಬರತೊಡಗಿದರು. ಸಂಜೆಯಾದರೆ ಸೋಫಾದ ಮೇಲೆ ಮೂರು ಮಕ್ಕಳು, ಮಾತಿಲ್ಲ ಕತೆಯಿಲ್ಲ, ಸುಮ್ಮನೆ ಕೂತಿರುತ್ತವೆ. "ಪಾಪ, ಅವಕ್ಕೆ ಏನಾದ್ರೂ ತಿನ್ನಕ್ಕೆ ಕೊಡೆ" ಎನ್ನುತ್ತಿದ್ದರು. ಯಾರೂ ಇಲ್ಲವೆಂದರೆ ಹೆದರುತ್ತಿದ್ದರು, ಆಮೇಲೆ ಸಿಟ್ಟು. ಇನ್ನೊಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಬಹಳ ಮರ್ಯಾದೆಯಿಂದ ಕೇಳಿದರು: "ಏನಮ್ಮಾ, ನೀವು ಯಾವಾಗ ಬಂದ್ರಿ? ನಮ್ಮನೆಯವಳು ಇನ್ನೂ ಬಂದಿಲ್ಲ. ಬರೋ ಹೊತ್ತಾಯ್ತು, ಕೂತ್ಕೊಳ್ಳಿ." ಒಲೆಯ ಮೇಲೆ ಅವರಿಗೆಂದೇ ಮಾಡುತ್ತಿದ್ದ ಸಾರು ಕುದಿಯುತ್ತಿತ್ತು. ನಾನು ಕೂತುಕೊಂಡೆ. ಮರುದಿನ ಬೆಳಿಗ್ಗೆ ಎದ್ದವರು ಎಂದಿನಂತೆ ಹೆಸರು ಹಿಡಿದು ಕರೆದು, ಮಗನ ಬ್ಯಾಂಕಿನ ಲೆಕ್ಕವನ್ನು ತಪ್ಪಿಲ್ಲದೆ ಹೇಳಿದರು. ಈ ಕಾಯಿಲೆಯಲ್ಲಿ ಇದೇ ಅತ್ಯಂತ ಕ್ರೂರವಾದದ್ದು. ಮನುಷ್ಯ ಹೋಗಿಬಿಡುವುದಿಲ್ಲ. ಹೋಗುತ್ತಾನೆ, ಬರುತ್ತಾನೆ, ಬಂದಾಗ ತಾನು ಹೋಗಿದ್ದು ಅವನಿಗೆ ಗೊತ್ತಿರುತ್ತದೆ.

ಆ ದಿನಗಳಲ್ಲೇ ಮಗ ಒಂದು ಲೇಖನ ಕಳಿಸಿದ. ರಾಬಿನ್ ಅವರ ಹೆಂಡತಿ ಸೂಸನ್ ಶ್ನೈಡರ್ ವಿಲಿಯಮ್ಸ್ 2016ರಲ್ಲಿ 'ನ್ಯೂರಾಲಜಿ' ಎಂಬ ವೈದ್ಯಕೀಯ ಪತ್ರಿಕೆಗೆ ಡಾಕ್ಟರುಗಳನ್ನೇ ಉದ್ದೇಶಿಸಿ ಬರೆದದ್ದು. ಹೊಟ್ಟೆಯ ತೊಂದರೆ, ನಿದ್ದೆ ಕೆಡುವುದು, ವಾಸನೆ ಗೊತ್ತಾಗದಿರುವುದು, ಎಡಗೈ ನಡುಕ, ಕಾರಣವಿಲ್ಲದ ಭಯ. ನಮ್ಮ ಮನೆಯ ಪಟ್ಟಿಯನ್ನೇ ಯಾರೋ ಬರೆದಿಟ್ಟಂತಿತ್ತು. 2014ರ ಏಪ್ರಿಲ್‌ನಲ್ಲಿ ವ್ಯಾಂಕೂವರಿನಲ್ಲಿ 'ನೈಟ್ ಅಟ್ ದ ಮ್ಯೂಸಿಯಂ' ಮೂರನೆಯ ಚಿತ್ರದ ಚಿತ್ರೀಕರಣ. ಅಲ್ಲಿ ರಾಬಿನ್‌ಗೆ ಒಂದೊಂದು ಸಾಲೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಮೂರೇ ವರ್ಷ ಹಿಂದೆ ಬ್ರಾಡ್‌ವೇಯ ನಾಟಕವೊಂದರಲ್ಲಿ ತಿಂಗಳುಗಟ್ಟಲೆ, ಕೆಲವು ದಿನ ಎರಡೆರಡು ಪ್ರದರ್ಶನ, ನೂರಾರು ಸಾಲು, ಒಂದೂ ತಪ್ಪಿರಲಿಲ್ಲ. 2014ರ ಮೇ ತಿಂಗಳಲ್ಲಿ ಅವರಿಗೂ ಪಾರ್ಕಿನ್ಸನ್ ಎಂದೇ ಹೇಳಿದ್ದರು. ತಮಗಿದ್ದದ್ದು ಏನೆಂದು ತಿಳಿಯದೆಯೇ ಹೋಗಿಬಿಟ್ಟರು. ಲೂಯಿ ಬಾಡಿ ಇಲ್ಲದ ನರಕೋಶ ಅವರ ಮಿದುಳಿನಲ್ಲಿ ಹೆಚ್ಚುಕಡಿಮೆ ಉಳಿದಿರಲೇ ಇಲ್ಲವಂತೆ. ಅಂಥ ಮಿದುಳಿಟ್ಟುಕೊಂಡು ಆ ಮನುಷ್ಯ ದಿನವೂ ಎದ್ದು ಕೆಲಸಕ್ಕೆ ಹೋಗುತ್ತಿದ್ದರು ಎಂಬುದನ್ನು ಓದಿ ನಾನು ಅತ್ತೆ. ನೆನಪು, ವೇಗ, ಒಂದರಿಂದ ಇನ್ನೊಂದಕ್ಕೆ ನೆಗೆಯುವ ಬುದ್ಧಿ. ಅವರ ಹಾಸ್ಯ ನಿಂತಿದ್ದದ್ದು ಇದರ ಮೇಲೆ, ಕಾಯಿಲೆ ಕಿತ್ತುಕೊಂಡದ್ದೂ ಇದನ್ನೇ. ನಗುವಿನ ಮುಖವಾಡ, ಒಳಗೆ ಅಳು ಎಂದು ಮುಗಿಸಿಬಿಟ್ಟರೆ ಅವರ ವಿದ್ಯೆಗೂ ಅನ್ಯಾಯ, ಅವರು ಪಟ್ಟ ಪಾಡಿಗೂ ಅನ್ಯಾಯ.

ಲೇಖನದ ಪ್ರತಿ ಹಿಡಿದು ಬೇರೆ ನರರೋಗತಜ್ಞರ ಬಳಿ ಹೋದೆವು. ಕೈ ನಡುಕದ ಜೊತೆಜೊತೆಗೇ, ಒಂದು ವರ್ಷದೊಳಗೆ, ಬುದ್ಧಿಯೂ ಕೆಟ್ಟರೆ ಅದನ್ನು ಲೂಯಿ ಬಾಡಿ ಡಿಮೆನ್ಷಿಯಾ ಎನ್ನುತ್ತಾರೆ ಎಂದು ಅವರು ಬಿಡಿಸಿ ಹೇಳಿದರು. ಆಲ್ಫಾ ಸಿನ್ಯೂಕ್ಲಿಯಿನ್ ಎಂಬ ಪ್ರೋಟೀನು ನರಕೋಶದೊಳಗೆ ಕಟ್ಟುವ ಗಂಟುಗಳೇ ಲೂಯಿ ಬಾಡಿಗಳು. 1912ರಲ್ಲೇ ಲೂಯಿ ಎಂಬ ವೈದ್ಯರು ಆ ಗಂಟುಗಳನ್ನು ಗುರುತಿಸಿದ್ದರಂತೆ. ವಾಸಿಮಾಡುವ ಔಷಧ ಇವತ್ತಿಗೂ ಇಲ್ಲ.

ಎಲ್ಲಕ್ಕಿಂತ ಕಷ್ಟದ ರಾತ್ರಿ ಬಂದದ್ದು ಮೂತ್ರದ ಸೋಂಕಿನಿಂದ. ಜ್ವರ ಏರಿ ಇವರು ವಿಪರೀತ ಕೂಗಾಡುತ್ತಿದ್ದರು, ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಸೇರಿಸಿದೆವು. ಕಾಯಿಲೆಯ ಹೆಸರು ಹೇಳಿದ್ದೆ, ಬರೆದೂ ಕೊಟ್ಟಿದ್ದೆ. ಆದರೂ ಶಾಂತವಾಗಲೆಂದು ಹ್ಯಾಲೊಪೆರಿಡಾಲ್ ಚುಚ್ಚಿದರು. ಲೂಯಿ ಬಾಡಿ ಇರುವವರಿಗೆ ಆ ಬಗೆಯ ಔಷಧ ಜೀವಕ್ಕೇ ಅಪಾಯ ತರಬಲ್ಲದು. ಬೆಳಗಾಗುವಷ್ಟರಲ್ಲಿ ಮೈ ಮರದ ಕೊರಡಾಗಿತ್ತು. ಕುತ್ತಿಗೆ ತಿರುಗುತ್ತಿಲ್ಲ, ನುಂಗಲಾಗುತ್ತಿಲ್ಲ, ಕಣ್ಣುಗಳು ಮಾತ್ರ ನನ್ನ ಹಿಂದೆಯೇ ಓಡಾಡುತ್ತಿದ್ದವು. ಬದುಕಿ ಮನೆಗೆ ಬಂದರು. ಆದರೆ ತಾವಾಗಿ ನಡೆಯುವುದು ಅಲ್ಲಿಗೆ ಮುಗಿಯಿತು.

ಉಳಿದ ದಿನಗಳನ್ನು ದೂಡಲು ನನಗೆ ಆಸರೆಯಾದದ್ದು ನಾವಿಬ್ಬರೂ ಕೂತು ನೋಡಿದ್ದ ಆ ಹಾಸ್ಯವೇ. ಆಶುನಟನೆಯವರಲ್ಲಿ ಮೊದಲು ಕಲಿಸುವ ಪಾಠವೊಂದಿದೆ. ಎದುರಿನವನು ವೇದಿಕೆಯ ಮೇಲೆ ಏನು ಹೇಳಿದರೂ ಅಲ್ಲಗಳೆಯಬೇಡ, ಹೌದೆನ್ನು, ನಿನ್ನದೊಂದು ಮಾತು ಸೇರಿಸು. ರಾಬಿನ್ ಬೆಳೆದದ್ದು ಆ ಗರಡಿಯಲ್ಲಿ, ಇವರೇ ನನಗೆ ಅದನ್ನು ಎಷ್ಟೋ ಸಲ ವಿವರಿಸಿದ್ದರು. ಆರೈಕೆ ಹೇಳಿಕೊಡಲು ಬಂದ ನರ್ಸಮ್ಮನೂ ಅದನ್ನೇ ಹೇಳಿದಾಗ ನನಗೆ ದಾರಿ ಕಂಡಿತು. ಮಕ್ಕಳು ಬಂದಿವೆಯೆಂದರೆ, "ಹೌದ್ರೀ, ಕೋಡುಬಳೆ ಕೊಟ್ಟಿದೀನಿ, ತಿಂದು ಮನೆಗೆ ಹೊರಡ್ತವೆ" ಅನ್ನತೊಡಗಿದೆ. "ಕಾರ ಜಾಸ್ತಿ ಆಯ್ತಾ ಕೇಳು" ಎನ್ನುತ್ತಿದ್ದರು. ಒಂದು ಸಂಜೆ ನಾನು ವಾರ್ತೆ ಓದುವವರ ದನಿಯಲ್ಲಿ, ನನಗೆ ಬಂದಷ್ಟು, ಮಕ್ಕಳು ಹೊರಟ ಸುದ್ದಿ ಓದಿದೆ. ಇವರು ತಕ್ಷಣ ಅಡುಗೆಭಟ್ಟರ ದನಿಯಲ್ಲಿ ಬೇಳೆ ಕೇಳಿದರು. ಎಷ್ಟೋ ತಿಂಗಳ ಮೇಲೆ ಆ ದನಿ. ಆ ರಾತ್ರಿ ಇಬ್ಬರೂ ತುಂಬ ಹೊತ್ತು ನಕ್ಕೆವು.

2021ರಲ್ಲಿ ಇವರು ಹೋದರು. ಮೊದಲೇ ಸಹಿ ಹಾಕಿದ್ದಂತೆ ಮಿದುಳನ್ನು ಸಂಶೋಧನೆಗೆ ಕೊಟ್ಟೆವು. ಬಂದ ವರದಿಯಲ್ಲೂ ಲೂಯಿ ಬಾಡಿ ಎಂದೇ ಇತ್ತು.

ಈಗ ಇಲ್ಲಿಂದಲೂ ಬೆಂಗಳೂರು, ಮೈಸೂರಿನಿಂದಲೂ ಕೆಲವರು ಫೋನ್ ಮಾಡುತ್ತಾರೆ. ಮಾವನವರಿಗೆ ಮರೆವು, ಅಮ್ಮನಿಗೆ ಯಾರೋ ಕಾಣಿಸುತ್ತಾರೆ ಎನ್ನುತ್ತಾರೆ. ನಾನು ಮೊದಲು ಕೇಳುವುದು ನಿದ್ದೆಯಲ್ಲಿ ಕಿರುಚುತ್ತಾರಾ, ಒದೆಯುತ್ತಾರಾ ಎಂದು. ಆಮೇಲೆ ವಾಸನೆ, ನಡಿಗೆ, ದಿನದಿಂದ ದಿನಕ್ಕೆ ಏರಿಳಿತ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಒಬ್ಬರೇ ನರರೋಗತಜ್ಞರಿಗೆ ತೋರಿಸಿ ಎನ್ನುತ್ತೇನೆ. ಕೊಡಬಾರದ ಔಷಧಗಳ ಹೆಸರನ್ನು ಆ ಡಾಕ್ಟರ್ ಕೈಯಲ್ಲೇ ಬರೆಸಿ ರೋಗಿಯ ಜೇಬಿನಲ್ಲಿಡಿ, ತುರ್ತು ವಿಭಾಗದಲ್ಲಿ ಸೂಜಿ ಎತ್ತುವ ಮೊದಲು ತೋರಿಸಿ, ಅವರು ನೋಡುವ ತನಕ ಪಕ್ಕದಿಂದ ಕದಲಬೇಡಿ ಎನ್ನುತ್ತೇನೆ.