ತಲೆಯಿಲ್ಲದ್ದ ಸವಾರ

ಅಕ್ಟೋಬರಿಲಿ ಫ್ಲೋರಿಡಾಕ್ಕೆ ಮಗಳ ಮನೆಗೆ ಹೋಗಿಪ್ಪಗ ಎನ್ನನ್ನೂ ಮ್ಯಾಜಿಕ್ ಕಿಂಗ್ಡಮಿಂಗೆ ಕರಕ್ಕೊಂಡು ಹೋದವು. ಹಗಲು ಬಂದವರ ಹೆರ ಕಳುಸಿ, ಹೊತ್ತೋಪಗ 7ರಿಂದ ಇರುಳು 12ರ ವರೆಗೆ ಹ್ಯಾಲೋವೀನ್ ಪಾರ್ಟಿ. ಅದಕ್ಕೆ ಬೇರೆಯೇ ಟಿಕೆಟು! ದೀಪ ಹೊತ್ತುಸುವ ಹೊತ್ತಿಂಗೆ ದೆವ್ವದ ಹೆಸರೆತ್ತುಲಾಗ ಹೇಳಿ ಬೆಳದವು ನಾವು. ಇಲ್ಲಿ ಪೈಸೆ ಕೊಟ್ಟು ನೋಡುದು.

ಹೆದರಿಕೆ ಹೇಳಿ ಹೆಚ್ಚೇನಿಲ್ಲೆ ಮಿನಿಯಾ. ದೊಡ್ಡವುದೇ ವೇಷ ಕಟ್ಟಿ, ಮಿಠಾಯಿಗೆ ಚೀಲ ಹಿಡ್ಕೊಂಡು ಸಾಲು ನಿಂದಿತ್ತಿದ್ದವು. ಎಲ್ಲಿ ನೋಡಿರೂ ಮೋರೆ ಕೆತ್ತಿದ ಚೀನಿಕಾಯಿ. ನಿಜದ್ದಲ್ಲ, ಆದರೂ ಎಷ್ಟು ದಿನದ ಬೆಂದಿಗೆ ಬಕ್ಕು ಹೇಳಿ ಲೆಕ್ಕ ಹಾಕಿದೆ.

ಆರು ವರ್ಷದ ಪುಳ್ಳಿ ಕೂಸಿನತ್ರೆ "ನಿನ್ನದೆಂತ ವೇಷ?" ಕೇಳಿರೆ ಇಂಗ್ಲಿಷಿಲಿ ಉತ್ತರ. ಬಂದು ಒಂದು ತಿಂಗಳಾತು, ನಮ್ಮ ಭಾಷೆ ಅದರ ಬಾಯಿಲಿ ಕೇಳಿದ್ದಿಲ್ಲೆ. ಮಗಳತ್ರೆ ಹೇಳಿರೆ ಜಗಳ ಅಕ್ಕು ಹೇಳಿ ಸುಮ್ಮನೆ ಇತ್ತಿದ್ದೆ.

ಮೆರವಣಿಗೆಯ ಮದಲು ಕಪ್ಪು ಕುದುರೆ ಓಡಿಗೊಂಡು ಬಂತು. ಸವಾರಂಗೆ ತಲೆಯೇ ಇಲ್ಲೆ, ಕೈಲಿ ಚೀನಿಕಾಯಿ! ಎನ್ನ ಎದೆಯೇ ಡಬಡಬ. ಕೂಸು ಎನ್ನ ಶಾಲಿನ ಒಳ ಹೊಕ್ಕು, "ಅಜ್ಜೀ, ಹೆದರಿಕೆ ಆವ್ತು, ಎನ್ನ ಎತ್ತಿಗೊ" ಹೇಳಿತ್ತು.

ಗೆಂಟುಬೇನೆ ಮರದತ್ತು. ಎತ್ತಿಗೊಂಡೆ. ಕುದುರೆ ಹೋಗಿ ಮೆರವಣಿಗೆ ಮುಗುದರೂ ಇಳುಶಿದ್ದಿಲ್ಲೆ.